ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಕ್ಯಾನ್ಸರ್ ಬಂದಾಗ: ಚಿಕಿತ್ಸೆಯ ನಿರ್ಧಾರಕ್ಕೆ ಹಂತ ಹಂತದ ಮಾರ್ಗದರ್ಶಿ

ಡಿಮೆನ್ಷಿಯಾ ಇರುವ ತಾಯಿಗೋ ತಂದೆಗೋ ಕ್ಯಾನ್ಸರ್ ಇದೆಯೆಂದು ತಿಳಿದಾಗ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಏಳುತ್ತವೆ. 'ಅರಳು ಮರಳಿನ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಸುಮ್ಮನೆ ಬಿಟ್ಟುಬಿಡೋಣ' ಎನ್ನುವುದು ಒಂದು. 'ಮಕ್ಕಳಾಗಿ ನಾವು ಏನೂ ಮಾಡಿಸಲಿಲ್ಲ ಎಂದಾಗಬಾರದು, ಇರುವುದನ್ನೆಲ್ಲ ಮಾಡಿಸೋಣ' ಎನ್ನುವುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಬರುವ ಮಾತುಗಳಾದರೂ, ರೋಗಿಯ ಸ್ಥಿತಿಯನ್ನು ಪೂರ್ತಿ ನೋಡುವ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಕ್ಯಾನ್ಸರ್ ಕೂಡ ವಯಸ್ಸಿನೊಂದಿಗೆ ಹೆಚ್ಚುವ ಕಾಯಿಲೆಯೇ. ಹೀಗಾಗಿ ಇವೆರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಆದರೆ ಕ್ಯಾನ್ಸರ್ ವೈದ್ಯರು ಒಂದು ಫೈಲ್ ನೋಡುತ್ತಾರೆ, ನರರೋಗ ವೈದ್ಯರು ಇನ್ನೊಂದು ಫೈಲ್ ನೋಡುತ್ತಾರೆ. ಎರಡನ್ನೂ ಸೇರಿಸಿ ಓದುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ.

ಈ ಬರಹ ಆ ಮನೆಯವರಿಗಾಗಿ. ಯಾವ ಚಿಕಿತ್ಸೆ ಒಳ್ಳೆಯದು ಎಂಬ ಪ್ರಶ್ನೆಗೆ ಮೊದಲು, ಆ ಚಿಕಿತ್ಸೆಯಿಂದ ಈ ವ್ಯಕ್ತಿಯ ದಿನಚರಿ ಏನಾಗುತ್ತದೆ ಎಂದು ಕೇಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಯನ್ನೇ ಹಿಡಿದು ಸಾಗುತ್ತವೆ.

ಹಂತ 1: ಗೊಂದಲ ದಿಢೀರನೆ ಹೆಚ್ಚಿದೆಯೇ, ನೋಡಿ

ಡಿಮೆನ್ಷಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಬೆಳೆಯುತ್ತದೆ. ಹೋದ ವಾರ ಮಗಳ ಹೆಸರು ಹೇಳುತ್ತಿದ್ದವರು ಈ ವಾರ ಯಾರನ್ನೂ ಗುರುತಿಸುತ್ತಿಲ್ಲ, ಹಗಲೆಲ್ಲ ಮಂಪರಿನಲ್ಲಿದ್ದು ರಾತ್ರಿ ಗೋಡೆಯ ಮೇಲೆ ಏನೋ ಹರಿಯುತ್ತಿದೆ ಎನ್ನುತ್ತಾರೆ ಎಂದಾದರೆ, ಅದನ್ನು ಮರೆವು ಹೆಚ್ಚಾಯಿತು ಎಂದು ಬಗೆಯಬಾರದು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂಳೆಗೆ ಹರಡಿದ ಕ್ಯಾನ್ಸರಿನಿಂದ ಕ್ಯಾಲ್ಸಿಯಂ ಏರುವುದು, ಹೊಸದಾಗಿ ಆರಂಭಿಸಿದ ಒಂದು ಮಾತ್ರೆ, ತಡೆಯಲಾರದ ನೋವು: ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು, ಹೆಚ್ಚಿನವುಗಳಿಗೆ ಚಿಕಿತ್ಸೆಯೂ ಇದೆ. ಇಂಥ ದಿನಗಳಲ್ಲಿ ರೋಗಿಯನ್ನು ನೋಡಿ 'ಇವರಿಗೆ ಕೀಮೋ ತಡೆಯುವ ಶಕ್ತಿಯಿಲ್ಲ' ಎಂದು ತೀರ್ಮಾನಿಸಿದರೆ ಅದು ತಪ್ಪು ದಿನದ ತೀರ್ಮಾನ. ತುರ್ತಿಲ್ಲದ ದೊಡ್ಡ ನಿರ್ಧಾರವನ್ನು ಡೆಲಿರಿಯಂ ಇಳಿಯುವವರೆಗೆ ಮುಂದೂಡಲು ಕೇಳಿ.

ಹಂತ 2: ಎರಡು ಫೈಲುಗಳಿಂದ ಒಂದು ಪುಟ ಬರೆಯಿರಿ

ಹೊರರೋಗಿ ವಿಭಾಗದಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ವೈದ್ಯರ ಮುಂದಿಡಲು ಒಂದೇ ಪುಟದ ಬರಹ ಸಿದ್ಧವಿರಲಿ. ಡಿಮೆನ್ಷಿಯಾ ಯಾವ ಬಗೆಯದು, ಎಂದು ಪತ್ತೆಯಾಯಿತು, ಈಗ ಯಾವ ಹಂತದಲ್ಲಿದೆ ಎಂಬುದರ ಜೊತೆಗೆ ದಿನಚರಿಯನ್ನೂ ಬರೆಯಿರಿ: ತಾವಾಗಿ ಸ್ನಾನ ಮಾಡುತ್ತಾರೆಯೇ, ತಟ್ಟೆ ಮುಂದಿಟ್ಟರೆ ತಾವೇ ಊಟ ಮಾಡುತ್ತಾರೆಯೇ ಅಥವಾ ತುತ್ತು ಕೊಡಬೇಕೇ, ಶೌಚಕ್ಕೆ ಹೋಗಬೇಕೆಂದು ತಿಳಿಯುತ್ತದೆಯೇ, ಕಳೆದ ಆರು ತಿಂಗಳಲ್ಲಿ ಬಿದ್ದಿದ್ದಾರೆಯೇ, ತೂಕ ಇಳಿದಿದೆಯೇ. 'ಮೈಲ್ಡ್', 'ಮಾಡರೇಟ್' ಎಂಬ ಪದಗಳಿಗಿಂತ ಈ ವಿವರಗಳು ಕ್ಯಾನ್ಸರ್ ವೈದ್ಯರಿಗೆ ಹೆಚ್ಚು ಹೇಳುತ್ತವೆ. ಅದರ ಕೆಳಗೆ ಈಗ ನಡೆಯುತ್ತಿರುವ ಎಲ್ಲ ಮಾತ್ರೆಗಳ ಹೆಸರಿರಲಿ. ನಾಟಿ ಔಷಧ, ಆಯುರ್ವೇದದ ಕಷಾಯ, ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಮಾತ್ರೆಯನ್ನೂ ಬಿಡಬೇಡಿ.

ಮಾತ್ರೆಗಳ ಪಟ್ಟಿ ಏಕೆ ಮುಖ್ಯ ಎಂಬುದಕ್ಕೆ ಕೆಲವು ಉದಾಹರಣೆ ಕೊಡಬೇಕು. ಮರೆವಿಗೆ ಕೊಡುವ ಡೊನೆಪೆಜಿಲ್ ಹೃದಯ ಬಡಿತವನ್ನು ನಿಧಾನಗೊಳಿಸಬಹುದು. ಅರಿವಳಿಕೆಯಲ್ಲಿ ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧದ ಪರಿಣಾಮವನ್ನು ಉದ್ದವಾಗಿಸಬಹುದು. ಆದ್ದರಿಂದ ಆಪರೇಷನ್‌ಗೆ ಮೊದಲು ಅರಿವಳಿಕೆ ತಜ್ಞರಿಗೆ ಅದನ್ನು ಹೇಳಲೇಬೇಕು. ಕೀಮೋಗೆ ಮೊದಲು, ರಕ್ತ ಕೊಡುವ ಮೊದಲು ನಮ್ಮ ವಾರ್ಡುಗಳಲ್ಲಿ ವಾಡಿಕೆಯಂತೆ ಹಾಕುವ ಏವಿಲ್‌ನಂಥ ಅಲರ್ಜಿ ಇಂಜೆಕ್ಷನ್ ಮೆದುಳಿನಲ್ಲಿ ಡೊನೆಪೆಜಿಲ್ ಮಾಡುವ ಕೆಲಸಕ್ಕೆ ವಿರುದ್ಧವಾಗಿ ಕೆಲಸ ಮಾಡಿ ಗೊಂದಲ ಹೆಚ್ಚಿಸಬಲ್ಲದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಪಾರ್ಕಿನ್ಸನ್ ಅಥವಾ ಲ್ಯೂಯಿ ಬಾಡಿ ಡಿಮೆನ್ಷಿಯಾ ಇರುವವರಲ್ಲಿ ಕೈಕಾಲು ಬಿಗಿಯುವಂತೆ ಮಾಡಬಹುದು. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ನಿದ್ದೆಗೆಡಿಸಬಹುದು, ಲೊರಾಜೆಪಾಮ್ ಎಂಬ ನಿದ್ದೆ ಬರಿಸುವ ಔಷಧ ಮಂಪರು ತರಿಸಿ ಬೀಳಿಸಬಹುದು. ಇವೆಲ್ಲ ನಿಷಿದ್ಧವೆಂದು ಅರ್ಥವಲ್ಲ. 'ಇದಕ್ಕೆ ಬೇರೆ ಔಷಧ ಇದೆಯೇ, ಪ್ರಮಾಣ ಇಳಿಸಬಹುದೇ' ಎಂದು ಕೇಳಲು ನಿಮಗೆ ಆಧಾರ ಸಿಕ್ಕಿತು ಎಂದು ಅರ್ಥ.

ಹಂತ 3: ಎಷ್ಟು ಪರೀಕ್ಷೆ ಸಾಕು ಎಂದು ಮೊದಲೇ ಕೇಳಿ

ಪ್ರತಿ ಪರೀಕ್ಷೆಗೆ ಮುನ್ನ 'ಇದರ ಫಲಿತಾಂಶದಿಂದ ಮುಂದಿನ ಹೆಜ್ಜೆ ಬದಲಾಗುತ್ತದೆಯೇ' ಎಂದು ಕೇಳಬೇಕು. ಬದಲಾಗುವುದಿಲ್ಲ ಎಂದಾದರೆ ಆ ಪರೀಕ್ಷೆ ಬೇಡ. ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಹರಡಿದೆಯೆಂದು ನೋಡುವ ಪೆಟ್ ಸ್ಕ್ಯಾನ್‌ಗೆ ನಾಲ್ಕಾರು ಗಂಟೆ ಉಪವಾಸವಿರಬೇಕು, ಬಳಿಕ ಯಂತ್ರದೊಳಗೆ ಅಲುಗಾಡದೆ ಮಲಗಬೇಕು. ಏಕೆ ಊಟ ಕೊಡುತ್ತಿಲ್ಲವೆಂದು ತಿಳಿಯದ ಮನುಷ್ಯನಿಗೆ ಅದು ಇಡೀ ದಿನದ ಸಂಕಟ. ನಿದ್ದೆ ಬರಿಸಿ ಮಾಡಿಸಿದರೆ ಆ ಮಂಪರಿನ ಅಪಾಯ ಬೇರೆ. ಹಾಗೆಂದು ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಒಂದು ಸೂಜಿ ಬಯಾಪ್ಸಿಯಿಂದ ಸ್ತನದ ಗಂಟು ಹಾರ್ಮೋನ್ ಮಾತ್ರೆಗೆ ಬಗ್ಗುವಂಥದ್ದು ಎಂದು ತಿಳಿದರೆ ದೊಡ್ಡ ಆಪರೇಷನ್ನೇ ತಪ್ಪಬಹುದು.

ಹಂತ 4: ಅವರನ್ನೇ ಕೇಳಿ

ಡಿಮೆನ್ಷಿಯಾ ಇದೆ ಎಂದ ಮಾತ್ರಕ್ಕೆ ನಿರ್ಧರಿಸುವ ಸಾಮರ್ಥ್ಯ ಹೋಯಿತು ಎಂದಲ್ಲ. ಆ ಸಾಮರ್ಥ್ಯವನ್ನು ಒಂದು ನಿರ್ದಿಷ್ಟ ನಿರ್ಧಾರಕ್ಕೆ, ಒಂದು ನಿರ್ದಿಷ್ಟ ಹೊತ್ತಿಗೆ ಸಂಬಂಧಿಸಿ ಅಳೆಯಬೇಕು. ಬ್ಯಾಂಕ್ ಲೆಕ್ಕ ನೋಡಲಾರದವರು ಆಪರೇಷನ್ ಬೇಕೋ ಬೇಡವೋ ಎಂದು ಹೇಳಬಲ್ಲರು. ವೈದ್ಯರು ನಾಲ್ಕು ಸಂಗತಿಗಳನ್ನು ನೋಡುತ್ತಾರೆ: ಹೇಳಿದ್ದು ಅರ್ಥವಾಗುತ್ತದೆಯೇ, ನಿರ್ಧರಿಸುವಷ್ಟು ಹೊತ್ತು ಅದು ನೆನಪಿನಲ್ಲಿ ನಿಲ್ಲುತ್ತದೆಯೇ, ಒಳಿತು ಕೆಡುಕನ್ನು ತೂಗಬಲ್ಲರೇ, ಆಯ್ಕೆಯನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಬಲ್ಲರೇ. ನೆನಪಿನ ಪರೀಕ್ಷೆಯಲ್ಲಿ ಬಂದ ಅಂಕ ಇದಕ್ಕೆ ಉತ್ತರವಲ್ಲ.

ಕೇಳುವ ರೀತಿಯಲ್ಲೇ ಅರ್ಧ ಉತ್ತರ ಅಡಗಿದೆ. ಬೆಳಗಿನ ತಿಂಡಿಯಾದ ಮೇಲೆ, ಟಿವಿ ಆರಿಸಿ, ಕನ್ನಡಕ ಮತ್ತು ಕಿವಿಯ ಮೆಷಿನ್ ಹಾಕಿಸಿ, ಎದುರಿಗೆ ಕುಳಿತು ಮಾತಾಡಬೇಕು. ಸಂಜೆಯ ಹೊತ್ತಿಗೆ ಹಲವರಲ್ಲಿ ತಳಮಳ ಹೆಚ್ಚುತ್ತದೆ. ಮರೆವು ಬೆಳೆದಂತೆ ಕೆಲವರಲ್ಲಿ ನಂತರ ಕಲಿತ ಭಾಷೆ ಮೊದಲು ಜಾರುತ್ತದೆ. ಆದ್ದರಿಂದ ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಆಗಿದ್ದರೆ ಅದರಲ್ಲೇ ಕೇಳಬೇಕು, ವೈದ್ಯರ ಇಂಗ್ಲಿಷ್ ಬೆರೆತ ಕನ್ನಡದಲ್ಲಲ್ಲ. ಮಾತು ಹೀಗಿರಬಹುದು:

'ಅಮ್ಮಾ, ನಿನ್ನ ಎಡಗಡೆ ಎದೆಯಲ್ಲಿ ಒಂದು ಗಂಟು ಇದೆ. ಇಲ್ಲಿ, ಮುಟ್ಟಿ ನೋಡು. ಹಾಗೇ ಬಿಟ್ಟರೆ ದೊಡ್ಡದಾಗಿ ಹುಣ್ಣಾಗಬಹುದು ಅಂತಾರೆ ಡಾಕ್ಟ್ರು. ಆಪರೇಷನ್ ಮಾಡಿ ತೆಗೆಸಬಹುದು, ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಬೇಕಾಗುತ್ತೆ. ಇಲ್ಲ ಅಂದ್ರೆ ಮನೆಯಲ್ಲೇ ದಿನಕ್ಕೊಂದು ಮಾತ್ರೆ. ನಿನಗೆ ಯಾವುದು ಬೇಕು?'

ಒಂದು ವಾಕ್ಯ ಹೇಳಿ, ನಿಲ್ಲಿಸಿ, ಅವರು ಏನು ಅರ್ಥ ಮಾಡಿಕೊಂಡರೆಂದು ಅವರ ಬಾಯಿಂದಲೇ ಕೇಳಿ. ಮರುದಿನ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಗಂಟಿನ ವಿಷಯವೇ ಮರೆತುಹೋಗಿದ್ದರೂ, ಹೊಸದಾಗಿ ಹೇಳಿದಾಗಲೆಲ್ಲ 'ಆಸ್ಪತ್ರೆ ಬೇಡ, ಮಾತ್ರೆ ಕೊಡು' ಎಂಬ ಒಂದೇ ಉತ್ತರ ಬರುತ್ತಿದ್ದರೆ ಆ ಇಚ್ಛೆಗೆ ತೂಕ ಕೊಡಲೇಬೇಕು.

'ಕ್ಯಾನ್ಸರ್' ಎಂದು ಹೇಳಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಬೇಗ ಮುಗಿಯುವುದಿಲ್ಲ. ಆರಂಭದ ಹಂತದಲ್ಲಿರುವವರಿಗೆ ಮುಚ್ಚಿಡುವುದು ಅನ್ಯಾಯ. ಅವರು ಕೇಳಿದರೆ ನಿಜವನ್ನೇ ಹೇಳಬೇಕು. ಆದರೆ ಹೇಳಿದ್ದನ್ನು ಗಂಟೆಯೊಳಗೆ ಮರೆಯುವವರಿಗೆ ದಿನವೂ ಹೊಸದಾಗಿ ಆ ಸುದ್ದಿ ಕೊಡುವುದೆಂದರೆ ದಿನವೂ ಹೊಸ ಆಘಾತ. ಅಂಥವರಿಗೆ 'ಬಾಯಲ್ಲಿ ಹುಣ್ಣಾಗಿದೆ, ವಾಸಿ ಮಾಡಿಸಲು ಬಂದಿದ್ದೇವೆ' ಎಂಬಷ್ಟು ಮಾತು ಸಾಕು.

ಹಂತ 5: ಅವರು ಹೇಳಲಾರದಾದಾಗ ಯಾರು ನಿರ್ಧರಿಸಬೇಕು

ಸಾಮರ್ಥ್ಯ ಕಳೆದುಕೊಂಡ ವಯಸ್ಕರ ಪರವಾಗಿ ಸಾಮಾನ್ಯ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಯಾರೆಂದು ಕ್ರಮವಾಗಿ ಪಟ್ಟಿ ಮಾಡಿದ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆಸ್ಪತ್ರೆಗಳು ಗಂಡ, ಹೆಂಡತಿ ಅಥವಾ ವಯಸ್ಕ ಮಕ್ಕಳ ಸಹಿ ಪಡೆಯುತ್ತವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಲು ಅವಕಾಶವಿದೆಯಾದರೂ ಅದು ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಸಂಬಂಧಿಸಿದ್ದು.

ಡಿಮೆನ್ಷಿಯಾ ಇನ್ನೂ ಆರಂಭದಲ್ಲಿದ್ದರೆ ಮಾಡಬಹುದಾದ ಒಂದು ಮುಖ್ಯ ಕೆಲಸವಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಪತ್ರದಲ್ಲಿ, ಮುಂದೆ ತಾವು ಹೇಳಲಾರದ ಸ್ಥಿತಿ ಬಂದಾಗ ಯಾರು ತಮ್ಮ ಪರವಾಗಿ ಮಾತನಾಡಬೇಕು, ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ಎಲ್ಲಿಗೆ ನಿಲ್ಲಬೇಕು ಎಂದು ಬರೆದಿಡಬಹುದು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಈ ತೀರ್ಪನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್ ತೆಗೆಯುವಂಥ ನಿರ್ಧಾರಗಳಿಗೆ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಕೀಮೋ ಬೇಡ, ಹಾರ್ಮೋನ್ ಮಾತ್ರೆ ಸಾಕು ಎಂಬ ನಿರ್ಧಾರಕ್ಕೆ ಯಾವ ಮಂಡಳಿಯೂ ಬೇಡ. ಅದು ವೈದ್ಯರು ಮತ್ತು ಕುಟುಂಬ ಕುಳಿತು ಮಾಡುವ ದೈನಂದಿನ ವೈದ್ಯಕೀಯ ತೀರ್ಮಾನ.

ಪತ್ರವಿಲ್ಲದಿದ್ದರೆ 'ನಮಗೆ ಏನು ಬೇಕು' ಎಂದಲ್ಲ, 'ಅವರು ಸರಿಯಿದ್ದಾಗ ಏನು ಹೇಳುತ್ತಿದ್ದರು' ಎಂದು ಕೇಳಿಕೊಳ್ಳಬೇಕು. ನೆರೆಮನೆಯವರು ಐಸಿಯುನಲ್ಲಿ ಇದ್ದಾಗ ಅಪ್ಪ ಏನೆಂದಿದ್ದರು? ತಮ್ಮ ಅಣ್ಣನ ಕೊನೆಯ ದಿನಗಳ ಬಗ್ಗೆ ಏನು ಹೇಳುತ್ತಿದ್ದರು? ಕುಟುಂಬದ ಸಭೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅಮೆರಿಕದಿಂದ ವಿಡಿಯೋ ಕಾಲ್‌ನಲ್ಲಿ ಮಾತನಾಡುವ ಮಗನ ದನಿ ಜೋರಾಗಿರುತ್ತದೆ. ದಿನವೂ ಸ್ನಾನ ಮಾಡಿಸಿ ಊಟ ಮಾಡಿಸುವ ಸೊಸೆಯನ್ನು ಯಾರೂ ಕೇಳುವುದಿಲ್ಲ. ಯಾವ ಹೊತ್ತಿಗೆ ಅತ್ತೆ ಶಾಂತವಾಗಿರುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂಬುದು ಆಕೆಗೇ ಗೊತ್ತು, ಚಿಕಿತ್ಸೆಯ ಹೊರೆ ಬೀಳುವುದೂ ಆಕೆಯ ಮೇಲೆಯೇ. ವೈದ್ಯರ ಮುಂದೆ ಕೂರುವಾಗ ಆಕೆ ಒಳಗಿರಬೇಕು, ಹೊರಗೆ ಬೆಂಚಿನ ಮೇಲಲ್ಲ.

ಹಂತ 6: ಚಿಕಿತ್ಸೆಗಳನ್ನು ಒಂದೊಂದಾಗಿ ತೂಗಿ

ಕ್ಯಾನ್ಸರ್ ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಚಿಕಿತ್ಸೆ ಇಲ್ಲದಿದ್ದರೆ ಈ ಕ್ಯಾನ್ಸರ್ ಯಾವಾಗ, ಯಾವ ರೀತಿ ಕಷ್ಟ ಕೊಡುತ್ತದೆ? ಚಿಕಿತ್ಸೆಯ ಲಾಭ ಕಾಣಿಸಲು ಎಷ್ಟು ಕಾಲ ಬೇಕು? ಡಿಮೆನ್ಷಿಯಾ ಅಷ್ಟು ಕಾಲ ಕೊಡುತ್ತದೆಯೇ? ಆಪರೇಷನ್ ನಂತರ ಕ್ಯಾನ್ಸರ್ ಮರಳದಿರಲೆಂದು ಕೊಡುವ ಕೀಮೋದ ಲಾಭ ವರ್ಷಗಳ ಮೇಲೆ ಕಾಣುವಂಥದ್ದು, ಅದರ ಸಂಕಟ ಮಾತ್ರ ಈ ವಾರದ್ದು. ಮುಂದುವರಿದ ಡಿಮೆನ್ಷಿಯಾದಲ್ಲಿ ಆ ವ್ಯಾಪಾರ ಬಹುಪಾಲು ನಷ್ಟದ್ದೇ. ಆರಂಭದ ಹಂತದಲ್ಲಿರುವ, ಗಟ್ಟಿಮುಟ್ಟಾದ 68ರ ವಯಸ್ಸಿನವರಿಗೆ ಅದೇ ಕೀಮೋ ನ್ಯಾಯವಾಗಿರಬಹುದು.

ಸ್ತನ ಕ್ಯಾನ್ಸರ್ ಹಾರ್ಮೋನ್‌ಗೆ ಸ್ಪಂದಿಸುವ ಬಗೆಯದಾದರೆ, ಆಪರೇಷನ್ ತಾಳಲಾರದ ಹಿರಿಯರಲ್ಲಿ ಲೆಟ್ರೊಜೋಲ್ ಎಂಬ ಹಾರ್ಮೋನ್ ಮಾತ್ರೆಯೊಂದರಿಂದಲೇ ಗಂಟನ್ನು ಕೆಲವು ವರ್ಷ ಹತೋಟಿಯಲ್ಲಿಡಬಹುದು. ರೇಡಿಯೇಷನ್ ಬೇಕಾದಾಗ ಐದು ವಾರಗಳ ಬದಲು ಒಂದೇ ವಾರದಲ್ಲಿ ಐದು ಸಲ ಕೊಡುವ ಕ್ರಮವೂ ಇದೆ. ಅದನ್ನು ಕೇಳಿ ಪಡೆಯಿರಿ. ಪ್ರಾಸ್ಟೇಟ್ ಕ್ಯಾನ್ಸರ್ ಹಲವು ಹಿರಿಯರಲ್ಲಿ ಎಷ್ಟು ನಿಧಾನವೆಂದರೆ ಕಾದು ನೋಡುವುದೇ ಚಿಕಿತ್ಸೆ. ಮೂಳೆಗೆ ಹರಡಿ ನೋಯುತ್ತಿದ್ದರೆ ಒಂದೇ ಸಲದ 8 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ರೇಡಿಯೇಷನ್ ನೋವು ಇಳಿಸಲು ಬಹಳಷ್ಟು ಸಲ ಸಾಕು. ದೊಡ್ಡ ಕರುಳಿನ ಗಡ್ಡೆ ದಾರಿ ಮುಚ್ಚುತ್ತಿದ್ದರೆ ಆಪರೇಷನ್ ತಪ್ಪಿಸುವುದು ಕಷ್ಟ, ಏಕೆಂದರೆ ಕರುಳು ಕಟ್ಟಿದ ಸಾವು ನೋವಿನದು. ಆದರೆ ಹೊಟ್ಟೆಯ ಮೇಲಿನ ಮಲದ ಚೀಲವನ್ನು ಅವರು ಕಿತ್ತೆಸೆಯುವ ಸಾಧ್ಯತೆಯನ್ನು ಸರ್ಜನ್‌ಗೆ ಮೊದಲೇ ಹೇಳಿ, ಕರುಳಿನ ದಾರಿ ತೆರೆದಿಡುವ ಸ್ಟೆಂಟ್ ಎಂಬ ಕೊಳವೆ ಹಾಕಬಹುದೇ ಎಂದು ಕೇಳಿ.

ಬಾಯಿಯ ಕ್ಯಾನ್ಸರ್ ನಮ್ಮ ನಾಡಿನಲ್ಲಿ ಹೆಚ್ಚು. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದ ಅಜ್ಜಿ, ತಾತಂದಿರಲ್ಲಿ ಅದೇ ಅತಿ ಕಠಿಣ ನಿರ್ಧಾರವೂ ಆಗುತ್ತದೆ. ಪೂರ್ಣ ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಬಿಸಿನೀರಿನಲ್ಲಿ ಮೆದುವಾದ ಪ್ಲಾಸ್ಟಿಕ್ ಬಲೆಯನ್ನು ಮುಖಕ್ಕೆ, ಹೆಗಲಿಗೆ ಒತ್ತಿ ಅಚ್ಚು ತೆಗೆಯುತ್ತಾರೆ. ದಿನವೂ ಅದೇ ಬಲೆಯನ್ನು ಮುಖದ ಮೇಲೆ ಕೂರಿಸಿ ಟೇಬಲ್ಲಿಗೆ ಕ್ಲಿಪ್ ಹಾಕುತ್ತಾರೆ, ಬಳಿಕ ಎಲ್ಲರೂ ಹೊರಗೆ ಹೋಗುತ್ತಾರೆ, ದಪ್ಪ ಬಾಗಿಲು ಮುಚ್ಚುತ್ತದೆ. ತಾನು ಎಲ್ಲಿದ್ದೇನೆಂದು ತಿಳಿಯದವರಿಗೆ ಆ ಹತ್ತು ನಿಮಿಷ ಹೇಗಿರುತ್ತದೆಂದು ಯೋಚಿಸಿ. ಮೂರನೆಯ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣು, ರುಚಿಯಿಲ್ಲ, ಏಕೆ ಉರಿಯುತ್ತಿದೆ ಎಂಬುದರ ನೆನಪೂ ಇಲ್ಲ. ಆದ್ದರಿಂದ ಅಚ್ಚು ತೆಗೆಯುವ ದಿನವನ್ನೇ ಪರೀಕ್ಷೆಯ ದಿನವಾಗಿ ಬಳಸಿ: ಹೊರಗಿನ ಮೈಕಿನಿಂದ ಮಗಳು ಮಾತನಾಡುತ್ತಿದ್ದರೆ, ಅವರಿಗಿಷ್ಟದ ದೇವರನಾಮ ಹಾಕಿದರೆ ಸುಮ್ಮನೆ ಮಲಗುತ್ತಾರೆಯೇ ನೋಡಿ. ಆಗದಿದ್ದರೆ ನೋವು, ರಕ್ತಸ್ರಾವ ತಡೆಯುವಷ್ಟಕ್ಕೆ ಸೀಮಿತವಾದ ಕೆಲವೇ ದಿನಗಳ ರೇಡಿಯೇಷನ್ ಬಗ್ಗೆ ಮಾತಾಡಿ. ಗಡ್ಡೆ ಚಿಕ್ಕದಿದ್ದಾಗ ಆಪರೇಷನ್ ಇದಕ್ಕಿಂತ ಸುಲಭದ ದಾರಿಯಾಗಬಹುದು.

ಅನುಮಾನವಿದ್ದಾಗ ಗಡುವು ಹಾಕಿದ ಪ್ರಯೋಗ ಒಳ್ಳೆಯದು. ಕೀಮೋದ ಒಂದು ಸೈಕಲ್, ಎಂದರೆ ಒಂದು ಸುತ್ತು, ಕೊಟ್ಟು ನೋಡೋಣ. ಆದರೆ ಊಟ ಬಿಟ್ಟರೆ, ಹಾಸಿಗೆ ಹಿಡಿದರೆ, ಆಸ್ಪತ್ರೆಗೆ ಬಂದಾಗಲೆಲ್ಲ ಕಿರುಚಾಡಿದರೆ ನಿಲ್ಲಿಸೋಣ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಬರೆದಿಡದಿದ್ದರೆ ನಿಲ್ಲಿಸುವ ದಿನ ಯಾರಿಗೂ ಬಾಯಿ ಬರುವುದಿಲ್ಲ.

ಹಂತ 7: ಚಿಕಿತ್ಸೆ ಆರಂಭಿಸಿದರೆ

ಇಪ್ಪತ್ನಾಲ್ಕು ಗಂಟೆಯೂ ಒಬ್ಬರು ಜೊತೆಗಿರಲು ಸಾಧ್ಯವಿಲ್ಲದ ಮನೆಯಲ್ಲಿ ಕೀಮೋ ಅಪಾಯಕಾರಿ. ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕೆಲವೇ ಗಂಟೆಗಳಲ್ಲಿ ಆಸ್ಪತ್ರೆ ಸೇರಬೇಕು, ಆದರೆ ಇವರು ಚಳಿಯೆಂದೂ ಹೇಳಲಿಕ್ಕಿಲ್ಲ. ದಿನಕ್ಕೆ ಎರಡು ಸಲ ಜ್ವರ ನೋಡಿ, ಬರೆದಿಡಿ. ಮನೆಯಲ್ಲಿ ನುಂಗುವ ಕೀಮೋ ಮಾತ್ರೆಗಳನ್ನು ಬೀಗ ಹಾಕಿದ ಡಬ್ಬಿಯಲ್ಲಿಡಿ. ನುಂಗಿದ್ದನ್ನು ಮರೆತು ಮತ್ತೆ ನುಂಗುವವರ ಕೈಗೆ ಅವು ಸಿಗಬಾರದು. ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆ ನಡೆಯುತ್ತಿದ್ದರೆ ಅಂಗೈ, ಅಂಗಾಲು ಕೆಂಪಾಗಿವೆಯೇ ಎಂದು ನೀವೇ ನೋಡಬೇಕು.

ವಾರ್ಡಿಗೆ ಸೇರಿಸಿದಾಗ ಪರಿಚಿತ ಮುಖವೊಂದು ರಾತ್ರಿಯೂ ಇರಲಿ. ಕನ್ನಡಕ, ಹಲ್ಲಿನ ಸೆಟ್, ಮನೆಯ ಹೊದಿಕೆ ಜೊತೆಗೊಯ್ಯಿರಿ. ಕೈ ಕಟ್ಟಿಹಾಕುವ ಮಾತು ಬಂದರೆ ಮೊದಲು ಮೂತ್ರದ ಪೈಪ್, ಡ್ರಿಪ್ ನಿಜಕ್ಕೂ ಬೇಕೇ ಎಂದು ಕೇಳಿ. ಬೇಡದ ಪೈಪ್ ತೆಗೆದರೆ ಕಟ್ಟುವ ಅಗತ್ಯವೇ ತಪ್ಪುತ್ತದೆ.

ಹಂತ 8: ಹೇಳದ ನೋವನ್ನು ಓದಿ

'ನೋವಿದೆಯಾ' ಎಂದರೆ 'ಇಲ್ಲ' ಎನ್ನುತ್ತಾರೆ, ಮುದ್ದೆಯ ಮೊದಲ ತುತ್ತಿಗೇ ದವಡೆ ಹಿಡಿದು ಮುಖ ತಿರುಗಿಸುತ್ತಾರೆ. ಸ್ನಾನದ ಚೊಂಬನ್ನು ತಳ್ಳುವುದು, ಮಗ್ಗುಲು ಬದಲಿಸುವಾಗ ಬೈಯುವುದು, ಕೈ ಬಿಗಿಹಿಡಿಯುವುದು: ಹಠವೆಂದು ಕಾಣುವ ಇವುಗಳಲ್ಲಿ ಹಲವು ನೋವಿನ ಭಾಷೆ. ಪೈನಾಡ್ ಎಂಬ ಅಳತೆಯಲ್ಲಿ ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನಕ್ಕೆ ಬಗ್ಗುವುದು ಎಂಬ ಐದು ಸಂಗತಿಗಳಿಗೆ ತಲಾ 0ಯಿಂದ 2 ಅಂಕ ಕೊಟ್ಟು ಹತ್ತಕ್ಕೆ ಲೆಕ್ಕ ಹಾಕುತ್ತಾರೆ; ನರ್ಸ್‌ ಒಬ್ಬರಿಂದ ಕಲಿತರೆ ಮನೆಯಲ್ಲೂ ಬಳಸಬಹುದು. ಚೀಟಿಯಲ್ಲಿ 'ನೋವಿದ್ದಾಗ ಮಾತ್ರ' ಎಂದು ಬರೆದ ಮಾತ್ರೆ ಇವರಿಗೆ ತಲುಪುವುದೇ ಇಲ್ಲ, ಏಕೆಂದರೆ ಇವರು ಕೇಳುವುದಿಲ್ಲ. ಗಂಟೆಯ ಲೆಕ್ಕದಲ್ಲಿ ತಪ್ಪದೆ ಕೊಡುವಂತೆ ಬರೆಸಿಕೊಳ್ಳಿ. ಮಾರ್ಫಿನ್ ಬೇಕಾದರೆ ಹೆದರಬೇಡಿ. ಕಡಿಮೆ ಪ್ರಮಾಣದಿಂದ ಆರಂಭಿಸಿ, ಮೊದಲ ದಿನದಿಂದಲೇ ಮಲಬದ್ಧತೆಯ ಔಷಧವನ್ನೂ ಕೊಡಬೇಕು.

ಹಂತ 9: ಉಪಶಮನ ಆರೈಕೆಯನ್ನು ಬೇಗ ಸೇರಿಸಿಕೊಳ್ಳಿ

ನೋವು, ಸಂಕಟ ಇಳಿಸುವುದನ್ನೇ ಗುರಿಯಾಗಿಟ್ಟುಕೊಂಡ ಉಪಶಮನ ಆರೈಕೆ ಕೊನೆಯ ವಾರದ ಏರ್ಪಾಡಲ್ಲ. ರೋಗ ಪತ್ತೆಯಾದ ತಿಂಗಳಲ್ಲೇ ಕ್ಯಾನ್ಸರ್ ಚಿಕಿತ್ಸೆಯ ಜೊತೆಜೊತೆಗೆ ಆರಂಭಿಸಬಹುದು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಮಾರತಹಳ್ಳಿಯ ಕರುಣಾಶ್ರಯ ಮುಂದುವರಿದ ಕ್ಯಾನ್ಸರ್ ಇರುವವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ, ಮನೆಗೂ ತಂಡ ಕಳಿಸುತ್ತದೆ. ಮರೆವಿಗೆ ಸಂಬಂಧಿಸಿದ ಸಲಹೆಗೆ ನಿಮ್ಹಾನ್ಸ್‌ನ ಹಿರಿಯರ ಕ್ಲಿನಿಕ್ ಇದೆ. ದೂರದ ಊರಿನವರು ಹಿರಿಯರ ಸಹಾಯವಾಣಿ 14567ಕ್ಕೆ, ಆರೈಕೆ ಮಾಡುವವರು ತಮ್ಮದೇ ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.

ಊಟ ನಿಲ್ಲಿಸಿದಾಗ ಮೂಗಿನ ನಳಿಕೆಯ ಮಾತು ಬರುತ್ತದೆ. ಕೊನೆಯ ಹಂತದ ಡಿಮೆನ್ಷಿಯಾದಲ್ಲಿ ನಳಿಕೆಯಿಂದ ಆಯಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಕಿತ್ತುಕೊಳ್ಳದಿರಲೆಂದು ಕೈ ಕಟ್ಟುವುದಂತೂ ಆಗುತ್ತದೆ. ಕೂರಿಸಿ, ಚಮಚದಲ್ಲಿ ತೆಳು ಗಂಜಿಗಿಂತ ತುಸು ಗಟ್ಟಿಯಾದ ರಾಗಿ ಸರಿಯನ್ನೋ ಮೊಸರನ್ನೋ, ಅವರು ಬಾಯಿ ತೆರೆದಷ್ಟು ಮಾತ್ರ ಕೊಡಿ. ಬಾಯಿ ಮುಚ್ಚಿದರೆ ಅಲ್ಲಿಗೆ ನಿಲ್ಲಿಸಿ, ಒಣಗಿದ ತುಟಿಗೆ ಒದ್ದೆ ಬಟ್ಟೆ ಸವರಿ. ರಾತ್ರಿ ಏದುಸಿರು ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು ಅಥವಾ ಒಯ್ಯಬಾರದು, ಯಾವ ಔಷಧ ಯಾವ ಡಬ್ಬಿಯಲ್ಲಿದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ರಾತ್ರಿಪಾಳಿಗೆ ಬರುವ ಆಯಾಗೂ ಅದನ್ನು ಓದಿ ಹೇಳಿ.